ಸಂಕರ್ಷಣ ಅವರನ್ನು ಮತ್ತೆ ಸೇರಿಸಿಕೊಳ್ಳಿ

ಓಕಳಿಪುರಂ
ಜೂನ್ ೨೦೦೬

ಗವಿಪುರಂನ ಚಕ್ರಪಾಣಿ ಸರ್ ಅವರಿಗೆ ನಮಸ್ಕಾರ.

ನಿರ್ವಾಹಕರ ತೀರ್ಮಾನವನ್ನು ಗುಂಪಿನಲ್ಲಿ ಚರ್ಚಿಸಬಾರದು ಅನ್ನುವುದು ನೀವೇ ಮಾಡಿದ ನಿಯಮ. ಅದಕ್ಕೇ ನಮ್ಮ ಇಂಟರ್ನೆಟ್ ಚರ್ಚಾಕೂಟದ ವಿಷಯವನ್ನು ಅಂಚೆಯಲ್ಲಿ ಬರೆಯುತ್ತಿದ್ದೇನೆ.

ಮೀಸಲಾತಿಯ ವಾದ ನಡೆದಾಗ ಸಂಕರ್ಷಣ ಅವರು, "ಕೋಟಾದಲ್ಲಿ ಓದಿದ ಇಂಜಿನಿಯರ್ ಕಟ್ಟಿದ ಸೇತುವೆ ಮೇಲೆ ನಾನು ಕಾಲಿಡಲ್ಲ" ಅಂತ ಬರೆದರು. "ನಾನು ಅಂಥ ಇಂಜಿನಿಯರೇ. ಯಾಕೆ ಕಾಲಿಡಲ್ಲ, ಹೇಳಿ" ಅಂತ ಕೇಳಿದೆ. ಅವರು ಉತ್ತರ ಕೊಡುವ ಮೊದಲೇ ನೀವು ಅವರನ್ನು ಗುಂಪಿನಿಂದ ತೆಗೆದುಹಾಕಿದಿರಿ. ನನಗೆ ನೋವಾಗಬಾರದು ಅಂತಲೇ ಹಾಗೆ ಮಾಡಿದಿರಿ, ಗೊತ್ತು. ನೋವಂತೂ ಆಗಿತ್ತು.

ಆದರೆ ಆಮೇಲೆ ಗುಂಪಿನಲ್ಲಿ ಯಾರೂ ನನಗೆ ಎದುರು ಹೇಳುತ್ತಿಲ್ಲ. ಮೆಟ್ರೊ ಬಂದರೆ ಕೃಷ್ಣರಾಜ ಮಾರುಕಟ್ಟೆಗೆ ಬಸ್ಸೇ ಬೇಡ ಅಂತ ಬೇಕೆಂದೇ ತಪ್ಪು ವಾದ ಹೂಡಿದೆ. ಮೊದಲೆಲ್ಲ ನನ್ನ ಒಂದೊಂದು ಸಾಲನ್ನೂ ಹಿಡಿದು ಜಗಳ ಆಡುತ್ತಿದ್ದ ಮೈತ್ರೇಯಿ ಮೇಡಂ ಕೂಡ, "ಚೆನ್ನಾಗಿ ಬರೆದಿದ್ದೀರಿ ವಿಶಾಖಾ" ಅಂದು ಸುಮ್ಮನಾದರು. ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟ ಹಾಗಾಯಿತು, ಸರ್.

ದಯವಿಟ್ಟು ಸಂಕರ್ಷಣ ಅವರನ್ನು ವಾಪಸ್ ಕರೆಯಿರಿ. ಅವರಿಂದ ಕ್ಷಮೆ ಕೇಳಿಸಬೇಡಿ. ನಾನು ಕೇಳಿದ್ದಕ್ಕೆ ಅವರು ಉತ್ತರ ಬರೆಯಲಿ, ಅದಕ್ಕೆ ನಾನೂ ಬರೆಯುತ್ತೇನೆ. ಇಬ್ಬರೂ ಎಷ್ಟೇ ಜೋರು ಮಾಡಿದರೂ ಈ ಸಲ ನೀವು ಮಧ್ಯೆ ಬರಬೇಡಿ.

ನಿಮ್ಮ ಕೂಟದ ಸದಸ್ಯೆ,
ವಿಶಾಖಾ