ಮೂಕರ್ಜಿಯ ಹಳದಿ ಚುಕ್ಕೆಗಳು

ಇವಳೇ,

ಕೊನೆಗೂ ಸಿಕ್ಕಿಬಿದ್ದೆ ನೀನು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

‘ಈ ಡ್ರೈವರಿಗೆ ಸಂಜೆಯಾದರೆ ಕಣ್ಣು ಕಾಣಲ್ಲ, ಬಸ್ಸು ಕೊಡಬೇಡಿ’ ಅಂತ ಡಿಪೋಗೆ ಹೋಗಿ ನನ್ನನ್ನು ಸ್ಟೀರಿಂಗಿನಿಂದ ಇಳಿಸಿತಲ್ಲ ಆ ಸಹಿಯಿಲ್ಲದ ಮೂಕರ್ಜಿ, ಸಾಕ್ಷಿಗಿರಲಿ ಅಂತ ನಾನು ಡಿಪೋದಿಂದ ಎತ್ತಿಕೊಂಡು ಬಂದದ್ದು, ಅದನ್ನು ಇವತ್ತು ಮಗಳು ನೀಲಿ ದೀಪಕ್ಕೆ ಹಿಡಿದಳು. ಕಾಗದದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆ. ಬಣ್ಣದ ಪ್ರಿಂಟರು ತನ್ನ ನಂಬರು, ತಾರೀಕು, ಹೊತ್ತು ಎಲ್ಲ ಅದರಲ್ಲಿ ಬರೆದಿಡುತ್ತದಂತೆ. ಲೆಕ್ಕ ಹಾಕಿದರೆ ನಂಬರು ನಿನ್ನ ಜೆರಾಕ್ಸ್ ಅಂಗಡಿಯ ಪ್ರಿಂಟರಿನದೇ, ಮಂಗಳವಾರ ಮಧ್ಯಾಹ್ನ ಮೂರು ಹತ್ತು, ಅಂಗಡಿಯಲ್ಲಿ ನೀನೊಬ್ಬಳೇ ಇರುತ್ತಿದ್ದ ಹೊತ್ತು. ಕೋರ್ಟಿನಲ್ಲಿ ಬಿಯಾಂಡ್ ರೀಸನಬಲ್ ಏನೋ ಅಂತಾರಲ್ಲ, ಅದು, ಅನುಮಾನಕ್ಕೆ ಜಾಗವೇ ಇಲ್ಲ.

ಬಸ್ಸು ಬಿಡು ಅಂತ ನೀನು ಬಾಯಲ್ಲಿ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ, ನಿಜ. ನನ್ನ ಬಸ್ಸಿನ ಕಂಡಕ್ಟರನದೇ ಕೆಲಸ ಅಂತ ಒಂಬತ್ತು ವರ್ಷ ಅವನ ಮುಖ ನೋಡಲಿಲ್ಲ. ಊಟಕ್ಕೆ ಕೂತಾಗೆಲ್ಲ ಅವನಿಗೆ ಶಾಪ ಹಾಕುತ್ತಿದ್ದೆ. ನೀನು ಇನ್ನಷ್ಟು ಸಾರು ಬಡಿಸುತ್ತಿದ್ದೆ.

ಈಗಷ್ಟೇ ಅವನಿಗೆ ಫೋನ್ ಮಾಡಿ, ಅರ್ಜಿ ಬರೆದದ್ದು ನೀನು ಅಂತ ಹೇಳಿದೆ.

‘ಗೊತ್ತು ಮಾರಾಯ, ಅದನ್ನ ಡಿಪೋಗೆ ತಲುಪಿಸಿದ್ದೇ ನಾನು. ನಿನಗೆ ಹೇಳಬೇಡ ಅಂದಿದ್ರು ಅತ್ತಿಗೆ.’

‘ಅವಳು ಹೋದ ಮೇಲಾದರೂ ಹೇಳಬಾರದಿತ್ತೇನೋ?’

‘ಹೋದವರನ್ನ ಬೈಯೋದಕ್ಕಿಂತ ನನ್ನನ್ನೇ ಬೈಕೊಂಡಿರಲಿ ಅಂತ ಬಿಟ್ಟೆ.’

ಅವನ ಮನೆಗೆ ಹೊರಟಿದ್ದೇನೆ, ಚಪ್ಪಲಿ ಮೆಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿನಗೂ ಒಂದು ಮಾತು ಹೇಳುವುದಿತ್ತು. ಮೊದಲು ಅವನಿಗೆ ಹೇಳಿ ಬರುತ್ತೇನೆ.