ತುಪ್ಪ ಮುಟ್ಟಿದ ನಾಲಿಗೆ

ಅಣ್ಣಾ, ಜೈಭೀಮ್.

ಬೀದರಿನಲ್ಲೇ ಕೂಸುಗಳ ಹೃದಯದ ಆಪರೇಷನ್ ಆಗುತ್ತದೆ ಅಂದಿದ್ದರು ಸರ್ಕಾರದವರು. ಇಲ್ಲ. ಔರಾದಿಗೆ ಎಳೆಗೂಸುಗಳ ಆಂಬುಲೆನ್ಸ್ ಕೊಡುತ್ತೇವೆ ಅಂದಿದ್ದರು. ಬಂದಿಲ್ಲ. ಬರ ಮುಗಿಯುವವರೆಗೆ ಊರಲ್ಲೇ ಕೆಲಸ, ಯಾರೂ ಗುಳೆ ಹೋಗಬೇಡಿ ಅಂದಿದ್ದರು. ನಿನ್ನ ಮಗಳು ಕವಿತಾ ತುಂಬು ಬಸುರಿ, ಗಂಡನ ಜೊತೆ ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋದಳು.

ಧರಣಿಯಲ್ಲಿ ಮೈಕು ಕಸಿದುಕೊಂಡ ದಿನವೂ ನೀನು ಕೂಗಿದ್ದೆ: "ಅಂಜಬ್ಯಾಡ್ರಿ!" ಈಗ ನಿನ್ನ ತಂಗಿ ಅಂಜಿದ್ದಾಳೆ. ನೀನು ಹೋದ ಮೇಲೆ ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ, ಅಣ್ಣ. ಇಲ್ಲಿ ಹೈದರಾಬಾದಿನ ಆಸ್ಪತ್ರೆಯಲ್ಲಿ ಅವಳ ಹೃದಯದ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆಮೇಲೆ ಎದೆಗೆ ಹಾಕಿದ ಪೈಪಿನಿಂದ ಬಾಟಲಿಗೆ ಹಾಲಿನಂಥದ್ದು ಇಳಿಯತೊಡಗಿತು.

ಭಾಲ್ಕಿಯಿಂದ ಬಂದ ಕವಿತಾಳ ಅತ್ತೆ ಆ ಬಾಟಲಿ ನೋಡಿದವಳೇ ಸೊಸೆಯ ಮೇಲೆ ಹರಿಹಾಯ್ದಳು. "ನಿನ್ನ ಹಾಲೇ ಎದ್ಯಾಗ ಹೋಗ್ಯಾದ ನೋಡು!" ಕವಿತಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಲಬುರಗಿ ಕಡೆಯ ಹೆಣ್ಣುಮಗಳು, ಡಾಕ್ಟರ್ ಬಾಯಿ, ನಡುವೆ ಬಂದರು. "ತಾಯಿ ಹಾಲಲ್ರಿ ಇದು. ಹೊಟ್ಟ್ಯಾಗಿನ ಜಿಡ್ಡು ಒಯ್ಯೋ ಸಣ್ಣ ನಾಳ ಎದ್ಯಾಗ ಸೋರ್ಲಿಕತ್ತದ. ಅದು ನಿಲ್ಲೂತನ ಜಿಡ್ಡು ಬ್ಯಾಡ. ತಾಯಿ ಹಾಲೂ ಬ್ಯಾಡ." ಜಿಡ್ಡಿಲ್ಲದ ಹಾಲು ಶುರುವಾಯಿತು. ಬಾಟಲಿ ತಿಳಿಯಾಗುತ್ತ ಬಂತು.

ತೊಟ್ಟಿಲಿಗೆ ಹಾಕುವ ದಿನ ಅವ್ವ ನಿನ್ನ ನಾಲಿಗೆಗೆ ತುಪ್ಪ ಹಚ್ಚಲು ಮರೆತಿದ್ದಳಂತೆ, ಅದಕ್ಕೇ ನಿನ್ನ ಮಾತು ಅಷ್ಟು ಒರಟು ಎಂದು ಮನೆಯಲ್ಲಿ ನಗುತ್ತಿದ್ದೆವಲ್ಲ? ಈ ಬೀಗತಿ ಮರೆಯಲಿಲ್ಲ. ಒಳಗೆ ಬಿಟ್ಟಾಗಲೆಲ್ಲ ನರ್ಸಿನ ಕಣ್ಣು ತಪ್ಪಿಸಿ ಕೂಸಿನ ನಾಲಿಗೆಗೆ ತುಪ್ಪದ ಬೆರಳು ಸವರಿದಳು. ಬಾಟಲಿ ಮತ್ತೆ ಬೆಳ್ಳಗಾಯಿತು. "ಮಾತು ಮೆತ್ತಗ ಇರ್ಲಿ ಅಂತ ಮಾಡ್ದೆವ್ವಾ. ಹೆಣ್ಣು ಕೂಸು. ನಿಮ್ಮ ಮನಿ ನಾಲಗಿ ಬಂದ್ರ ಯಾರು ಮಾಡ್ಕೋತಾರ?" ಎಂದು ಅತ್ತಳು. ಅವಳನ್ನು ಬೈಯಲೋ, ಬೀದರಿನಲ್ಲಿ ಮಾತು ಕೊಟ್ಟು ಮಲಗಿದವರನ್ನೋ...

ಇವತ್ತು ಕೂಸನ್ನು ಒಳಗೆ ಒಯ್ದರು. ಸ್ಕ್ಯಾನಿಂಗ್‌ನಲ್ಲಿ ನೋಡುತ್ತ ತೊಡೆಸಂದಿಯ ಗಂಟಿಗೆ ಕೂದಲೆಳೆಯಂಥ ಸೂಜಿ ಚುಚ್ಚಿ ಎಣ್ಣೆಯಂಥ ಔಷಧ ಬಿಟ್ಟರು. ಅದು ಮೇಲೇರುವುದು ಎಕ್ಸರೇ ಪರದೆಯಲ್ಲಿ ಕಾಣುತ್ತದಂತೆ, ಸೋರುವಲ್ಲಿ ಹರಡುತ್ತದಂತೆ. ಕೆಲವು ಸಲ ಆ ಔಷಧವೇ ತೂತು ಮುಚ್ಚುತ್ತದೆ. ಕೆಲವು ಸಲ ಇಲ್ಲ. ಅದು ಶ್ವಾಸಕೋಶಕ್ಕೆ ಹೋದರೆ? ಡಾಕ್ಟರ್ ಬಾಯಿ ಅದನ್ನೂ ಮುಚ್ಚಿಡಲಿಲ್ಲ. ಅಂಗೈಯಗಲದ ಎದೆ ಅಣ್ಣ, ಅದರ ಮೇಲೆ ಎಷ್ಟು ಪೈಪು!

ಹೊರಗೆ ತಂದಿದ್ದಾರೆ. ಉಸಿರಾಡುತ್ತಿದ್ದಾಳೆ. ಬಾಟಲಿಗೆ ಇಳಿಯುವುದು ಕಡಿಮೆಯಾಗಿದೆ, ನಿಂತಿಲ್ಲ. ತೂತು ಮುಚ್ಚಿತೋ ಇಲ್ಲವೋ ಶನಿವಾರ ಹೇಳುತ್ತಾರೆ. ಇಲ್ಲ ಅಂದರೆ... ಅಲ್ಲಿಂದ ಮುಂದಕ್ಕೆ ನನಗೆ ಯೋಚಿಸಲು ಆಗುತ್ತಿಲ್ಲ.

ಬಾಗಿಲ ಬಳಿ ಕೂತಿದ್ದ ಬೀಗತಿ ಈಗಷ್ಟೇ ಕೇಳಿದಳು: "ನಿಮ್ಮ ಅಣ್ಣನ ಸಭಾಕ್ಕ ನಾನೂ ಬರ್ಲೇನವ್ವಾ?"

"ಬಂದು ಏನ್ ಮಾಡ್ತೀರಿ?"

"ಕೂಸಿಗಿ ಮಾತು ಬರೂತನ ನಾನೇ ಒದರ್ತೇನಿ."

ನಿನ್ನ ನೆನಪಿನ ಸಭೆ: ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬೀದರಿನ ಮೈಲೂರಿನಲ್ಲಿ, ನಮ್ಮ ಮನೆ ಮುಂದೆ.