ಬಾಗಿಲಿಗೊಮ್ಮೆ ಹೇಳುವ ಹೆಸರು

ನೀಲಾನ ಅಪ್ಪಾರಿಗೆ ಶರಣು.

ನೀವು ಲಿಂಗೈಕ್ಯರಾದ ಮೇಲೆ ಇವತ್ತು ಮೊದಲ ಸಲ ಮಗಳ ಫೋನು ಎತ್ತಿದೆ. ಬ್ಯಾರೆ ಯಾರ ಮುಂದ ಹೇಳಲಿ, ಅದಕ್ಕ ನಿಮಗ ಬರೀತೇನಿ.

ಆಕಿ ಸೇರಿದ ಕ್ರೈಸ್ತರ ಮಾರ್ಮನ್ ಸಭೆಯವರು ಧರ್ಮ ಸಾರಾಕ ಆಕಿನ್ನ ಫಿಲಿಪೈನ್ಸಿಗೆ ಕಳಿಸ್ಯಾರ. ಸೋಮವಾರ ಅಷ್ಟ ಮನಿಗೆ ಮಾತಾಡಬಹುದಂತ. ಅವರ ನೇಮದಂಗ ಚಾನೂ ಬಿಟ್ಟಾಳ. ಬೆಳಕಾದರ ಜೋಡಿ ಹುಡುಗಿ ಸಂಗಡ ಮನಿಮನಿ ತಿರುಗತಾಳ, ನಮ್ಮ ಜಂಗಮರ ಹಂಗ.

ಫೋನಿನೊಳಗ ಮಾರಿಗಿಂತ ಮೊದಲು ಎದಿ ಕಾಣ್ತು. ಲಿಂಗ ಇರಬೇಕಾದ ಜಾಗದಾಗ ಒಂದು ಕರೀ ಬಿಲ್ಲೆ.

"ಅದೇನ ನೀಲಾ?"

"ಹೆಸರಿನ ಬಿಲ್ಲೆ ಯವ್ವಾ. ಇಲ್ಲೆ ನನ್ನ ನೀಲಾ ಅಂತ ಯಾರೂ ಕರೆಯಂಗಿಲ್ಲ, ಮನೆತನದ ಹೆಸರಷ್ಟ. ಸಿಸ್ಟರ್ ಕೋರಿಶೆಟ್ಟರ!"

ಶಿಗ್ಗಾಂವದ ನಿಮ್ಮ ಕಾಳಿನ ಅಂಗಡಿ ಮೇಲಿನ ಹೆಸರು. "ನಮ್ಮ ಮನೆತನದ ಹೆಸರು ಇನ್ನ ನಿನ್ನ ಬಾಯಾಗ ಬರಬಾರದು" ಅಂತ, ಆಕಿ ಆ ಸಭೆ ಸೇರಿದಾಗ, ಹೊರಗ ನಿಲ್ಲಿಸಿ ಬಾಗಿಲು ಹಾಕಿದ್ರಿ. ಆಕಿ ದಿನಾ ಒಂದೊಂದು ಬಾಗಿಲಿಗೂ ಅದನ್ನ ಹೇಳಾಕತ್ತಾಳ.

"ಆ ಮನಿಯವರು ಬಾಗಿಲು ಹಾಕ್ಕೊಂಡರ ಏನು ಮಾಡ್ತಿ?" ಅಂದೆ.

"ಹಾಕ್ಕೋತಾರ. ಅಪ್ಪನಿಂದ ರೂಢಿ ಆಗೇತಲ್ಲ, ನಮಸ್ಕಾರ ಹೇಳಿ ಮುಂದಿನ ಮನಿಗೆ ಹೋಗ್ತೇವಿ" ಅಂತ ನಕ್ಕಳು.

ನನಗ ನಗು ಬರಲಿಲ್ಲ. ಅವತ್ತು ನಿಮ್ಮ ಬೆನ್ನ ಹಿಂದ ನಾನೂ ನಿಂತಿದ್ದೆ.

ಇನ್ನೊಂದು ಮಾತು. ಆಕಿ ಬಿಟ್ಟು ಹೋದ ಲಿಂಗವನ್ನ ಹೊಳೆಗೆ ಬಿಡು ಅಂದಿದ್ರಿ. ಬಿಟ್ಟಿಲ್ಲ. ನನ್ನ ಲಿಂಗದ ಜೋಡಿ ಅದಕ್ಕೂ ದಿನಾ ಪೂಜೆ ಮಾಡ್ತೇನಿ. ಆಕಿಗೂ ಹೇಳಲಿಲ್ಲ.

ಫೋನು ಇಟ್ಟು ಎದ್ದು ಮುಂಬಾಗಿಲು ತೆಗೆದಿಟ್ಟೇನ್ರಿ. ನೊಣ ಬರಾಕತ್ತಾವ. ಬರಲಿ.